ಗುಟ್ಟು ಯಾರದು?

ಕಾಪುವಿನ ಕಡಲತಡಿಯ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭ ಇಂದಿಗೂ ನಿಂತಿದೆ. ‘ಇಲ್ಲಿ ಬಂಡೆಯಿದೆ, ಎಚ್ಚರ’ ಎಂಬ ಸುದ್ದಿಯನ್ನು ಅದು ನಮ್ಮವರು, ಪರರು ಎಂಬ ಭೇದವಿಲ್ಲದೆ ಎಲ್ಲ ಹಡಗುಗಳಿಗೂ ಸಾರುತ್ತದೆ. ಹಾಗೆ ಸಾರುವುದರಿಂದ ಯಾರಿಗೂ ಕೇಡಿಲ್ಲ.

ಆದರೆ ಮಣಿಪಾಲದ ವಿದ್ಯಾರ್ಥಿನಿಲಯವೊಂದರಲ್ಲಿ ಕುಳಿತ ಜಾಣರೊಬ್ಬರಿಗೆ ಯಾವುದೋ ಬ್ಯಾಂಕಿನ ಗಣಕ ವ್ಯವಸ್ಥೆಯಲ್ಲಿ ಬಿರುಕೊಂದು ಕಂಡಿತೆನ್ನೋಣ. ಬೀದಿಯಲ್ಲಿ ನಿಂತು ಕೂಗಿದರೆ ಅದು ಬ್ಯಾಂಕಿನವರಿಗಿಂತ ಮೊದಲು ಕಳ್ಳರ ಕಿವಿಗೆ ಬೀಳಬಹುದು. ಬಾಯಿ ಮುಚ್ಚಿಕೊಂಡರೆ, ಇಂದು ತಮಗೆ ಕಂಡದ್ದು ನಾಳೆ ಕಳ್ಳನಿಗೆ ಕಾಣದೆಂಬ ಭರವಸೆಯೇನು? ಆದುದರಿಂದಲೇ ಬಲ್ಲವರು ನಡುದಾರಿಯೊಂದನ್ನು ಹಿಡಿದಿದ್ದಾರೆ: ಮೊದಲು ಮನೆಯೊಡೆಯನಿಗೆ ತಿಳಿಸುವುದು, ದುರಸ್ತಿಗೆ ಗಡುವು ಕೊಡುವುದು, ಆಮೇಲೆ ಲೋಕಕ್ಕೆ ಹೇಳುವುದು. ಗೂಗಲ್ ಸಂಸ್ಥೆಯ ‘ಪ್ರಾಜೆಕ್ಟ್ ಝೀರೋ’ ತಂಡದ ಗಡುವು 90 ದಿನಗಳೆಂದು ಪ್ರಸಿದ್ಧವಾಯಿತು. ನಮ್ಮ ದೇಶದಲ್ಲಿ ಇಂಥ ದೂರನ್ನು ಸ್ವೀಕರಿಸಲು 2004ರಿಂದ ‘ಸರ್ಟ್-ಇನ್’ ಎಂಬ ಸರಕಾರಿ ಸಂಸ್ಥೆಯಿದೆ. ಆದರೂ ಹೇಳುವವರಿಗೆ ಭಯವುಂಟು. ಅಪ್ಪಣೆಯಿಲ್ಲದೆ ಪರರ ಗಣಕದಲ್ಲಿ ಕೈಯಾಡಿಸುವುದನ್ನು 2000ದ ಮಾಹಿತಿ ತಂತ್ರಜ್ಞಾನ ಕಾಯಿದೆ ಒಪ್ಪುವುದಿಲ್ಲ. ದುರುದ್ದೇಶ ಸಿದ್ಧವಾದರೆ ಮೂರು ವರ್ಷಗಳವರೆಗೆ ಸೆರೆವಾಸವೂ ಆಗಬಹುದು.

ಇಷ್ಟೆಲ್ಲ ದಾಟಿ ಬಿರುಕು ಮುಚ್ಚಿತು. ಬ್ಯಾಂಕು ಕೃತಜ್ಞತೆಯ ನಾಲ್ಕು ಸಾಲು ಪ್ರಕಟಿಸಬೇಕು. ಅಲ್ಲಿ ಹೊಸ ತೊಡಕು ತಲೆದೋರುತ್ತದೆ. ‘ಕಂಡುಹಿಡಿದನು’ ಎನ್ನುವುದೋ, ‘ಕಂಡುಹಿಡಿದಳು’ ಎನ್ನುವುದೋ? ಆ ಜಾಣರು ತಮ್ಮನ್ನು ಗಂಡೆಂದಾಗಲಿ ಹೆಣ್ಣೆಂದಾಗಲಿ ತಿಳಿಯದವರು. ಕನ್ನಡದಲ್ಲಿ ಸರ್ವನಾಮವನ್ನು ಕೈಬಿಟ್ಟರೂ ಬಿಡುಗಡೆಯಿಲ್ಲ, ಲಿಂಗವು ಕ್ರಿಯಾಪದದ ಬಾಲದಲ್ಲಿ ಅಡಗಿ ಕುಳಿತಿರುತ್ತದೆ. ತಮ್ಮ ಲಿಂಗವನ್ನು ತಾವೇ ನಿರ್ಧರಿಸುವ ಹಕ್ಕು ತೃತೀಯ ಲಿಂಗಿಗಳಿಗಿದೆಯೆಂದು ಸರ್ವೋಚ್ಚ ನ್ಯಾಯಾಲಯವು 2014ರ ಏಪ್ರಿಲ್ 15ರಂದು ತೀರ್ಪಿತ್ತಿತು. ಆದರೆ ಗುಮಾಸ್ತರ ಲೇಖನಿಯ ಕ್ರಿಯಾಪದವನ್ನು ಯಾವ ನ್ಯಾಯಾಲಯ ತಿದ್ದೀತು?

ಬ್ಯಾಂಕಿನ ಬಿರುಕು ಠೇವಣಿದಾರರೆಲ್ಲರಿಗೂ ಸಂಬಂಧಿಸಿದ್ದು. ಅದನ್ನು ಕಂಡವರ ಅಂತರಂಗ ಅವರೊಬ್ಬರದು. ಅದು ದೋಷವಲ್ಲ, ಅದಕ್ಕೆ 90 ದಿನಗಳ ಗಡುವಿಲ್ಲ. ನಂಬಿಕೆಯಿಂದ ಒಬ್ಬರಿಗೆ ಹೇಳಿದ್ದು ಅಚ್ಚಾದರೆ, ಕಾರ್ಕಳದ ತಾಯಿ ಅದನ್ನು ನೆರೆಯವರ ಬಾಯಿಂದ ಕೇಳಬೇಕಾದೀತು. ಉಡುಪಿಯ ಬಾಡಿಗೆ ಮನೆ ಮರುತಿಂಗಳೇ ಕೈತಪ್ಪೀತು.

ಸುದೈವದಿಂದ ‘ಅವರು’ ಎಂಬ ಮಾತು ನಮ್ಮಲ್ಲಿದೆ, ತುಳುವಿನಲ್ಲಿ ‘ಆರ್’. ಹದಿನೆಂಟರ ಹರೆಯದವರಿಗೆ ಬಹುವಚನವೇ ಎಂದು ಹಿರಿಯರು ಹುಬ್ಬೇರಿಸಬಹುದು. ಅದೇ ವಯಸ್ಸಿನ ಗಿರಾಕಿಗೆ ‘ಬನ್ನಿ, ಕೂತುಕೊಳ್ಳಿ’ ಎನ್ನುವಾಗ ಅವರಿಗೆ ನಾಲಗೆ ತೊಡರುವುದಿಲ್ಲ! ತೊಟ್ಟಿಲ ಮಗುವನ್ನು ‘ಅದು ಅತ್ತಿತು’ ಎಂದರೆ ಮುದ್ದು. ಬೆಳೆದವರನ್ನು ‘ಅದು ಬಂತು’ ಎಂದರೆ ಬೀದಿಯ ಹೀಯಾಳಿಕೆ. ಎಷ್ಟೋ ಮಂದಿ ಅದನ್ನು ದಿನವೂ ಕೇಳುತ್ತಿದ್ದಾರೆ.

ಕಾರ್ಕಳ ಸೀಮೆಯ ನಂದಳಿಕೆಯಲ್ಲಿ 1870ರಲ್ಲಿ ಹುಟ್ಟಿದ ಲಕ್ಷ್ಮೀನಾರಾಯಣಪ್ಪನವರು ನಿಜನಾಮವನ್ನು ಮರೆಸಿ ‘ಮುದ್ದಣ’ನೆಂಬ ಹೆಸರಿನಲ್ಲಿ ಬರೆದರು. ಅವರು ತೀರಿಕೊಂಡದ್ದು ಕಾಪುವಿನ ದೀಪ ಹೊತ್ತಿದ 1901ರಲ್ಲಿಯೇ. ಗುಟ್ಟು ಬಯಲಾದ ಮೇಲೂ ಕನ್ನಡಿಗರು ಅವರನ್ನು ಕರೆಯುವುದು ಅವರೇ ಆರಿಸಿಕೊಂಡ ಹೆಸರಿನಿಂದ. ಆ ಬ್ಯಾಂಕಿನ ಗುಮಾಸ್ತರಿಗೂ ಹೆಚ್ಚಿನ ಶ್ರಮವಿಲ್ಲ. ‘ಕಂಡುಹಿಡಿದರು’ ಎಂದು ಬರೆದರಾಯಿತು. ಹೆಸರನ್ನು ಹಾಕಬಹುದೇ ಎಂದು ಮಾತ್ರ ಮೊದಲು ಅವರನ್ನೇ ಕೇಳಬೇಕು.