ಬಿಸಿಲಿದ್ದರೂ ಹೊಗೆ ಏಕೆ? – ‘ಶಕ್ತಿಯ ಆಕರಗಳು’ ಪಾಠದಲ್ಲಿ ಶಾಖದ ಲೆಕ್ಕ

‘ಶಕ್ತಿಯ ಆಕರಗಳು’ ಘಟಕದ ಬೋಧನೆ ಎಷ್ಟೋ ಸಲ “ಕಲ್ಲಿದ್ದಲು ಮಾಲಿನ್ಯಕಾರಕ, ಸೌರಶಕ್ತಿ ಶುದ್ಧ” ಎಂಬ ವಾಕ್ಯಕ್ಕೇ ಮುಗಿದುಬಿಡುತ್ತದೆ. ಹಾಗಿದ್ದರೆ ಜನ ಇನ್ನೂ ಕಲ್ಲಿದ್ದಲನ್ನೇ ಏಕೆ ಸುಡುತ್ತಾರೆ ಎಂದು ಕೇಳಿದರೆ ವಿದ್ಯಾರ್ಥಿಗೆ ಉತ್ತರ ಹೊಳೆಯುವುದಿಲ್ಲ. ಈ ಪ್ರಶ್ನೆಯನ್ನು ತರಗತಿಯಲ್ಲಿ ಬಿಡಿಸಲು ಮಂಗೋಲಿಯದ ರಾಜಧಾನಿ ಉಲಾನ್‌ಬಾತರ್ ಒಳ್ಳೆಯ ನಿದರ್ಶನ.

ಸನ್ನಿವೇಶ

ಉಲಾನ್‌ಬಾತರ್ ಬೆಟ್ಟಗಳ ನಡುವಿನ ಕಣಿವೆಯಲ್ಲಿದೆ. ಚಳಿಗಾಲದ ರಾತ್ರಿಗಳಲ್ಲಿ ಉಷ್ಣತೆ -30° ಸೆಲ್ಸಿಯಸ್‌ಗಿಂತ ಕೆಳಗಿಳಿಯುವುದುಂಟು. ಅರ್ಧಕ್ಕಿಂತ ಹೆಚ್ಚು ಜನ ‘ಗೆರ್’ ಬಡಾವಣೆಗಳಲ್ಲಿದ್ದಾರೆ. ಗೆರ್ ಎಂದರೆ ಉಣ್ಣೆಯ ದಪ್ಪ ಹೊದಿಕೆಯ ದುಂಡನೆಯ ಗುಡಾರ. ನಗರದ ಬಿಸಿನೀರಿನ ಕೊಳವೆಗಳು ಅಲ್ಲಿಗೆ ತಲುಪದ ಕಾರಣ ಮನೆಮನೆಯಲ್ಲೂ ಒಲೆ ಉರಿಯುತ್ತದೆ. ನೆಲದ ಬಳಿ ತಣ್ಣನೆಯ ಗಾಳಿ, ಅದರ ಮೇಲೆ ಬೆಚ್ಚನೆಯ ಗಾಳಿಯ ಪದರ ಮುಚ್ಚಳದಂತೆ ನಿಲ್ಲುವುದರಿಂದ ಹೊಗೆ ಮೇಲೇರದೆ ಕಣಿವೆಯಲ್ಲೇ ಉಳಿಯುತ್ತದೆ. ಅದನ್ನು ಉಸಿರಾಡುವ ಮಕ್ಕಳ ಶ್ವಾಸಕೋಶಕ್ಕೆ ಹೆಚ್ಚು ಹಾನಿ. 2019ರ ಮೇ ತಿಂಗಳಲ್ಲಿ ಅಲ್ಲಿ ಕಚ್ಚಾ ಕಲ್ಲಿದ್ದಲನ್ನು ನಿಷೇಧಿಸಿ, ಸಂಸ್ಕರಿಸಿದ ಉಂಡೆಗಳನ್ನು ಬಳಕೆಗೆ ತರಲಾಯಿತು. ಆದರೂ ಮನೆಗಳಲ್ಲಿ ಉರಿಯುತ್ತಿರುವುದು ಕಲ್ಲಿದ್ದಲೇ.

ಮಕ್ಕಳ ಊಹೆ

“ಅಲ್ಲಿ ಬಿಸಿಲು ಇಲ್ಲವೇನೋ” ಎಂದು ಮಕ್ಕಳು ಊಹಿಸಬಹುದು. ಅಲ್ಲಿನ ಚಳಿಗಾಲದ ಆಕಾಶ ಬಹುಪಾಲು ನಿರ್ಮಲ. ಹುಲ್ಲುಗಾವಲಿನ ಅನೇಕ ಪಶುಪಾಲಕರ ಗೆರ್‌ಗಳಲ್ಲಿ ಸೌರಫಲಕಗಳೂ ಇವೆ. ಆದರೆ ಅವು ದೀಪ, ಟಿ.ವಿ., ಮೊಬೈಲ್‌ಗೆ ಸಾಕಾಗುವಷ್ಟು ಮಾತ್ರ. ದೀಪಕ್ಕೆ ಕೆಲವೇ ವ್ಯಾಟ್ ಸಾಕು, ಮನೆ ಬೆಚ್ಚಗಿಡಲು ಕಿಲೋವ್ಯಾಟ್‌ಗಳು ಬೇಕು. ಪಾಠದ ತಿರುಳು ಈ ವ್ಯತ್ಯಾಸದಲ್ಲಿದೆ.

ಕಪ್ಪುಹಲಗೆಯ ಲೆಕ್ಕ

ಇಲ್ಲಿನ ಸಂಖ್ಯೆಗಳು ತರಗತಿಗಾಗಿ ಇಟ್ಟುಕೊಂಡ ಅಂದಾಜುಗಳು ಎಂದು ಮೊದಲೇ ತಿಳಿಸಬೇಕು.

1. ದಿನಕ್ಕೆ 15 ಕೆ.ಜಿ. ಕಲ್ಲಿದ್ದಲು, ಕೆ.ಜಿ.ಗೆ 4 ಯೂನಿಟ್ ಶಾಖ. ಒಟ್ಟು 60 ಯೂನಿಟ್. ಅರ್ಧ ಹೊಗೆಕೊಳವೆಯಲ್ಲಿ ಹೋದರೆ ಮನೆಗೆ ದಕ್ಕುವುದು 30.
2. 1 ಕಿಲೋವ್ಯಾಟ್ ಫಲಕ ಚಳಿಗಾಲದಲ್ಲಿ ದಿನಕ್ಕೆ 3 ಯೂನಿಟ್ ಕೊಟ್ಟರೆ, ಸಾಧಾರಣ ಹೀಟರ್‌ಗೆ 10 ಕಿಲೋವ್ಯಾಟ್ ಫಲಕ ಬೇಕು. ಕಿಲೋವ್ಯಾಟ್‌ಗೆ 5 ಚದರ ಮೀಟರ್‌ನಂತೆ 50 ಚದರ ಮೀಟರ್. 6 ಮೀಟರ್ ವ್ಯಾಸದ ಗೆರ್‌ನ ನೆಲವೇ ಸುಮಾರು 28 ಚದರ ಮೀಟರ್!
3. ಹೊದಿಕೆ, ಬಾಗಿಲು, ನೆಲವನ್ನು ಭದ್ರಪಡಿಸಿ ಶಾಖನಷ್ಟವನ್ನು ಅರ್ಧಕ್ಕಿಳಿಸಿದರೆ ಬೇಕಾದದ್ದು 15 ಯೂನಿಟ್, ಅಂದರೆ 5 ಕಿಲೋವ್ಯಾಟ್ ಫಲಕ.
4. ಹೀಟರ್ ಬದಲು ಹೀಟ್ ಪಂಪ್ ಬಳಸಬಹುದು. ಫ್ರಿಜ್ ಒಳಗಿನ ಶಾಖವನ್ನು ಹೊರಹಾಕುವಂತೆ ಇದು ಹೊರಗಾಳಿಯ ಶಾಖವನ್ನು ಒಳಗೆ ತರುತ್ತದೆ. 1 ಯೂನಿಟ್ ವಿದ್ಯುತ್ತಿಗೆ 2 ಯೂನಿಟ್ ಶಾಖ ಸಿಕ್ಕರೆ 7.5 ಯೂನಿಟ್ ವಿದ್ಯುತ್, ಅಂದರೆ 2.5 ಕಿಲೋವ್ಯಾಟ್ ಫಲಕ ಸಾಕು. ಕಡುಚಳಿಯಲ್ಲಿ ಈ ಲಾಭ ಕುಗ್ಗುತ್ತದೆ.

ಹತ್ತರಿಂದ ಎರಡೂವರೆಗೆ ಇಳಿದದ್ದು ಫಲಕ ಬದಲಾದುದರಿಂದಲ್ಲ, ಬೇಡಿಕೆ ಇಳಿದುದರಿಂದ. ಮೊದಲು ಶಾಖನಷ್ಟ ತಡೆ, ಆಮೇಲೆ ದಕ್ಷ ಉಪಕರಣ, ಕೊನೆಗೆ ಫಲಕ ಎಂಬ ಕ್ರಮವನ್ನು ಮಕ್ಕಳೇ ಕಂಡುಕೊಳ್ಳಲಿ.

ರಾತ್ರಿಯ ಪ್ರಶ್ನೆ

ಡಿಸೆಂಬರ್‌ನಲ್ಲಿ ಅಲ್ಲಿ ಹಗಲು ಎಂಟು ತಾಸಿಗಿಂತ ತುಸು ಹೆಚ್ಚು, ಅಷ್ಟೆ. ಶಾಖ ಹೆಚ್ಚು ಬೇಕಾಗುವುದು ರಾತ್ರಿ. ಆದ್ದರಿಂದ ಬ್ಯಾಟರಿ, ಬಿಸಿನೀರಿನ ತೊಟ್ಟಿ ಅಥವಾ ವಿದ್ಯುತ್ ಜಾಲ ಬೇಕು. ಆ ಜಾಲದ ವಿದ್ಯುತ್ ಹೆಚ್ಚಾಗಿ ಬರುವುದೂ ಕಲ್ಲಿದ್ದಲಿನಿಂದಲೇ. ನಮ್ಮ ಮಕ್ಕಳು ಮನೆಯ ಮೇಲೆ ಕಂಡಿರುವ ಸೋಲಾರ್ ವಾಟರ್ ಹೀಟರ್ ಹಗಲಿನ ಶಾಖವನ್ನು ನೀರಿನಲ್ಲಿ ಕಾಪಿಡುವುದನ್ನು ಇಲ್ಲಿ ಜೋಡಿಸಬಹುದು.

ಮೌಲ್ಯಮಾಪನ

1. ಮೇಲಿನ 7.5 ಯೂನಿಟ್‌ನಲ್ಲಿ ಮೂರರಲ್ಲಿ ಎರಡು ಪಾಲು ರಾತ್ರಿಗೆ ಬೇಕಾದರೆ ಎಷ್ಟು ಯೂನಿಟ್ ಕೂಡಿಡಬೇಕು?
2. ಜಾಲದ ವಿದ್ಯುತ್ತಿನಿಂದ ಹೀಟರ್ ಉರಿಸಿದರೆ ಬಡಾವಣೆಯ ಗಾಳಿಗೆ ಏನಾಗುತ್ತದೆ? ಇಂಗಾಲದ ಡೈಆಕ್ಸೈಡ್‌ಗೆ ಏನಾಗುತ್ತದೆ? ಎರಡಕ್ಕೂ ಉತ್ತರ ಒಂದೇ ಏಕಲ್ಲ?
3. ಬಡ ಕುಟುಂಬವೊಂದಕ್ಕೆ ಸರ್ಕಾರ ಒಂದೇ ಸೌಲಭ್ಯ ಕೊಡಬಹುದಾದರೆ ಫಲಕ ಕೊಡಬೇಕೇ, ಹೊದಿಕೆ ಕೊಡಬೇಕೇ? ಲೆಕ್ಕದ ಆಧಾರದಲ್ಲಿ ಸಮರ್ಥಿಸಿ.