ಪ್ರಶ್ನೆಯನ್ನು ಬದಿಗೆ ಸರಿಸುವ ವಾದಗಳು

ರಾಜಕೀಯ ಚರ್ಚೆಗಳಲ್ಲಿ ಕೇಳಿದ ಪ್ರಶ್ನೆ ಒಂದು, ದೊರೆತ ಉತ್ತರ ಇನ್ನೊಂದು ಆಗುವುದನ್ನು ವಿದ್ಯಾರ್ಥಿಗಳು ನಿತ್ಯವೂ ಕಾಣುತ್ತಾರೆ. ದನಿ ಏರಿಸಿದವನೇ ಗೆದ್ದನೆಂಬ ಭಾವನೆ ಅವರಲ್ಲಿ ಬೇರೂರುವ ಮುನ್ನ, ವಾದವನ್ನು ಒರೆಗೆ ಹಚ್ಚುವ ಕ್ರಮವನ್ನು ಭಾಷಾಬೋಧನೆಯ ಅಂಗವಾಗಿಯೇ ಕಲಿಸಬಹುದು. ಅದಕ್ಕೆ ಬೇಕಾದ ಪರಿಭಾಷೆ ನಮ್ಮ ಶಾಸ್ತ್ರಪರಂಪರೆಯಲ್ಲಿ ಸಿದ್ಧವಾಗಿಯೇ ಇದೆ.

ಗೌತಮನ ನ್ಯಾಯಸೂತ್ರಗಳಲ್ಲಿ ಚರ್ಚೆ ಮೂರು ಬಗೆಯದು. ತತ್ತ್ವವನ್ನು ಅರಿಯಲು ನಡೆಯುವುದು ವಾದ. ಗೆಲುವಿಗಾಗಿ ನಡೆಯುವುದು ಜಲ್ಪ. ತನ್ನ ಪಕ್ಷವನ್ನು ಸ್ಥಾಪಿಸದೆ ಎದುರಾಳಿಯನ್ನು ಖಂಡಿಸುವುದಷ್ಟೇ ವಿತಂಡೆ. ವಾದಿಯ ಸೋಲನ್ನು ಸೂಚಿಸುವ 22 ನಿಗ್ರಹಸ್ಥಾನಗಳನ್ನೂ ಮಾತನ್ನು ತಿರುಚುವ ಛಲವನ್ನೂ ಆ ಗ್ರಂಥ ವಿವರಿಸುತ್ತದೆ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಗಡಿಯೂರಿನ ಸಭೆಯಲ್ಲಿ ಪಾಲಕರೊಬ್ಬರು, "ನಮ್ಮ ಶಾಲೆಯ ಕನ್ನಡ ಶಿಕ್ಷಕರ ಹುದ್ದೆಯನ್ನು ಯಾವಾಗ ತುಂಬುತ್ತೀರಿ?" ಎಂದು ಜನಪ್ರತಿನಿಧಿಯನ್ನು ಕೇಳುತ್ತಾರೆ. ಉತ್ತರಗಳು ಹೀಗಿರಬಹುದು:

1. "ನಿಮ್ಮೂರಿಗೆ ರಸ್ತೆ ಮಾಡಿಸಿದ್ದೇವೆ." ಇದು ಅರ್ಥಾಂತರ. ಮಾತು ನಿಜವಿರಬಹುದು, ಪ್ರಶ್ನೆಗೆ ಸಂಬಂಧಿಸಿದ್ದಲ್ಲ.

2. "ರಾಜ್ಯಭಾಷೆಯೇ ಬೇಡವೆನ್ನುತ್ತೀರಾ?" ಇದು ಛಲ. ನವಕಂಬಳಿಯುಳ್ಳವನು ಎಂದರೆ ಹೊಸ ಕಂಬಳಿಯವನು ಎಂದು ತಿಳಿಯದೆ, ಒಂಬತ್ತು ಕಂಬಳಿಗಳೆಲ್ಲಿ ಎಂದು ಕೇಳುವಂಥದು. ಆಡದ ಮಾತನ್ನು ಎದುರಾಳಿಯ ಬಾಯಿಗಿಟ್ಟು ಖಂಡಿಸಲಾಗುತ್ತದೆ.

3. "ಕರ್ನಾಟಕದಲ್ಲಿ ನಮ್ಮ ಭಾಷೆಯ ಶಾಲೆಗಳ ಗತಿಯೇನು?" ಇದು ಮತಾನುಜ್ಞೆ. ತನ್ನ ಮೇಲಿನ ದೋಷವನ್ನು ಪರಿಹರಿಸದೆ ಅದನ್ನೇ ಎದುರಾಳಿಯ ಮೇಲೂ ಹೊರಿಸುವವನು ಆರೋಪವನ್ನು ಒಪ್ಪಿದಂತಾಯಿತು. ಹೆಸರೇ ಅದನ್ನು ಸೂಚಿಸುತ್ತದೆ.

4. "ಬೇರೆ ಕೆಲಸವಿದೆ, ಇನ್ನೊಮ್ಮೆ ಮಾತನಾಡೋಣ." ನೆಪವೊಡ್ಡಿ ಚರ್ಚೆಯನ್ನೇ ಕಡಿಯುವ ಇದು ವಿಕ್ಷೇಪ.

ಇವುಗಳಲ್ಲಿ ಮೂರನೆಯದು ಗಡಿನಾಡಿನ ಮಕ್ಕಳಿಗೆ ಚಿರಪರಿಚಿತ. ಆದುದರಿಂದ ಅದನ್ನು ವಿಶೇಷವಾಗಿ ಪರಿಶೀಲಿಸಬೇಕು. 1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350ಎ ವಿಧಿಯು, ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಒದಗಿಸಲು ಪ್ರಯತ್ನಿಸುವ ಹೊಣೆಯನ್ನು ಪ್ರತಿಯೊಂದು ರಾಜ್ಯಕ್ಕೂ ಸ್ಥಳೀಯ ಪ್ರಾಧಿಕಾರಕ್ಕೂ ವಹಿಸಿದೆ. ನೆರೆರಾಜ್ಯ ಹೊಣೆಯರಿತು ನಡೆದರೆ ಮಾತ್ರ ಎಂಬ ಷರತ್ತು ಅಲ್ಲಿಲ್ಲ. ಅಂತೆಯೇ, ಕರ್ನಾಟಕದ ಮರಾಠಿ, ತೆಲುಗು, ತಮಿಳು, ಮಲಯಾಳಂ ಮಕ್ಕಳು ಇದೇ ಪ್ರಶ್ನೆಯನ್ನೆತ್ತಿದಾಗ, "ಅಲ್ಲಿ ಕನ್ನಡಕ್ಕೇನು ಮಾಡಿದ್ದಾರೆ?" ಎಂಬ ನಮ್ಮವರ ಮಾತೂ ಮತಾನುಜ್ಞೆಯೇ. ಒಂದು ಮಗುವಿನ ನಷ್ಟದಿಂದ ಇನ್ನೊಂದು ಮಗುವಿನ ನಷ್ಟ ತುಂಬುವುದಿಲ್ಲ.

ಆದರೆ ಹೋಲಿಕೆಯೆಲ್ಲವೂ ದೋಷವಲ್ಲ. ಎರಡು ರಾಜ್ಯಗಳ ವ್ಯವಸ್ಥೆಯನ್ನು ತುಲನೆ ಮಾಡುವುದೇ ಚರ್ಚೆಯ ವಿಷಯವಾಗಿದ್ದರೆ ಅದೇ ಮಾತು ಯುಕ್ತವಾಗುತ್ತದೆ. ಹೆಸರು ಹಚ್ಚುವ ಅವಸರ ಸಲ್ಲದು. ಮೊದಲ ಪ್ರಶ್ನೆಗೆ ಉತ್ತರ ದೊರೆಯಿತೇ ಎಂಬುದೇ ಒರೆಗಲ್ಲು.

ತರಗತಿಯಲ್ಲಿ: ಪ್ರಶ್ನೆಯನ್ನು ಕಪ್ಪುಹಲಗೆಯ ಮೇಲೆ ಬರೆದು ಕೊನೆಯವರೆಗೂ ಅಳಿಸದಿರಿ. ಪ್ರತಿ ಉತ್ತರವನ್ನೂ ಅದರೊಡನೆ ಓದಿಸಿ, ಸಂಬಂಧವನ್ನು ಮಕ್ಕಳಿಂದಲೇ ಹೇಳಿಸಿ. ಪಕ್ಷಗಳ, ನಾಯಕರ ಹೆಸರನ್ನು ತರಬೇಡಿ. ಕೊನೆಗೆ ಜನಪ್ರತಿನಿಧಿಯ ಸ್ಥಾನದಲ್ಲಿ ನಿಂತು ನೇರವಾದ ಉತ್ತರವೊಂದನ್ನು ಬರೆಯುವಂತೆ ಸೂಚಿಸಿ. ದೋಷ ಹುಡುಕುವುದಕ್ಕಿಂತ ಇದು ಕಠಿಣ. ಕಲಿಕೆಯ ಸಾರ್ಥಕ್ಯವೂ ಇಲ್ಲಿಯೇ ಇದೆ.