08386: ಇದು ನಿಜಕ್ಕೂ ಸಂಖ್ಯೆಯೇ?

ಕುಮಟಾದ ಎಸ್‌ಟಿಡಿ ಕೋಡ್ 08386. ನಮ್ಮ ಕಣ್ಣಿಗೆ ಅದು ಸಂಖ್ಯೆ. ಆದರೆ ಕೀಬೋರ್ಡಿನಲ್ಲಿ ಟೈಪಿಸಿದಾಗ ಸಿ ಭಾಷೆಯ ಪ್ರೋಗ್ರಾಮಿಗೆ ಸಿಗುವುದು ಐದು ಅಕ್ಷರಗಳ ಸಾಲು, ಅಂದರೆ ಸ್ಟ್ರಿಂಗ್.

ಹಾಗಾದರೆ ಸ್ಟ್ರಿಂಗ್ ಸಂಖ್ಯೆಯಾಗುವುದು ಹೇಗೆ? ಆಸ್ಕಿ ಪದ್ಧತಿಯಲ್ಲಿ '0' ಅಕ್ಷರದ ಸಂಕೇತ 48, '8' ಅಕ್ಷರದ್ದು 56. 56ರಿಂದ 48 ಕಳೆದರೆ ನಿಜವಾದ 8 ಸಿಗುತ್ತದೆ. ಅಲ್ಲಿಯವರೆಗಿನ ಮೊತ್ತವನ್ನು 10ರಿಂದ ಗುಣಿಸಿ, ಮುಂದಿನ ಅಂಕಿಯನ್ನು ಕೂಡಿಸುತ್ತಾ ಹೋಗಬೇಕು. 'ಎಟುಐ' ಫಂಕ್ಷನ್ ಕೊಡುವ ಉತ್ತರವೂ ಇದೇ: 8386. ಗಣಿತದಲ್ಲಿ ತಪ್ಪಿಲ್ಲ, ಆದರೆ ಮೊದಲ ಸೊನ್ನೆ ಮಾಯ!

'ಸ್ಟ್ರ್‌ಟಾಲ್' ಫಂಕ್ಷನ್‌ಗೆ ಬೇಸ್ 10 ಎನ್ನದೆ 0 ಎಂದು ಕೊಟ್ಟರೆ ಇನ್ನೂ ವಿಚಿತ್ರ. ಸೊನ್ನೆಯಿಂದ ಶುರುವಾದದ್ದನ್ನು ಅದು ಅಷ್ಟಮಾನ ಪದ್ಧತಿಯ ಸಂಖ್ಯೆ ಎಂದುಕೊಳ್ಳುತ್ತದೆ. ಅಲ್ಲಿ 7ರವರೆಗಿನ ಅಂಕಿಗಳಷ್ಟೇ ಇರುವುದರಿಂದ 8 ಕಂಡೊಡನೆ ಓದು ನಿಲ್ಲಿಸಿ, ಉತ್ತರ 0 ಎನ್ನುತ್ತದೆ. ಬೆಂಗಳೂರಿನ 080ಕ್ಕೂ ಇದೇ ಗತಿ.

ಕಳೆದ ಸೊನ್ನೆಯನ್ನು ಮರಳಿ ತರಬಹುದೇ? 'ಐದು ಸ್ಥಾನ ಇರಲಿ, ಖಾಲಿ ಜಾಗಕ್ಕೆ ಸೊನ್ನೆ ತುಂಬು' ಎಂದು 'ಪ್ರಿಂಟ್‌ಎಫ್'ಗೆ ಸೂಚಿಸಿದರೆ 8386 ಮತ್ತೆ 08386 ಆಗುತ್ತದೆ. ಆದರೆ ಅದೇ ಸೂಚನೆ ಬೆಂಗಳೂರಿನ ಕೋಡನ್ನು 00080 ಮಾಡಿಬಿಡುತ್ತದೆ! ಆಸ್ಪತ್ರೆ, ಅಗ್ನಿಶಾಮಕ ಠಾಣೆಗಳ ಫೋನ್ ಪಟ್ಟಿಯಲ್ಲಿ ಇಂಥ ತಪ್ಪು ಸಣ್ಣದಲ್ಲ.

ನೆನಪಿಡಿ: ಕೂಡಿಸಿ ಕಳೆಯುವ ಅಗತ್ಯವಿಲ್ಲದ್ದನ್ನು ಸಂಖ್ಯೆ ಮಾಡಬೇಡಿ. ಐದು ಅಕ್ಷರ, ಕೊನೆಯಲ್ಲಿ ಸ್ಟ್ರಿಂಗ್ ಮುಗಿಯಿತೆಂದು ಹೇಳುವ ಒಂದು ಬೈಟ್. ಒಟ್ಟು ಆರು ಬೈಟ್‌ಗಳಲ್ಲಿ ಕುಮಟಾದ ಕೋಡ್ ಸುರಕ್ಷಿತ.